ರೋಮನರ ವಿಹಾರಗೃಹಗಳಲ್ಲಿ ಬಿಸಿನೀರು

ಕ್ರಿ.ಪೂ. 47ನೆಯ ವರ್ಷದ ಅಕ್ಟೋಬರ್ ಮಾಸದ ಮೊದಲನೆಯ ದಿನ, ರೋಮಿನ ಮಹಾವಾಗ್ಮಿಯಾದ ಸಿಸೆರೊ, ದಕ್ಷಿಣ ಇಟಲಿಯ ವೆನೂಸಿಯದ ಸಮೀಪದಿಂದ ತನ್ನ ಪತ್ನಿ ಟೆರೆನ್ಶಿಯಳಿಗೆ ಕೆಲವೇ ವಾಕ್ಯಗಳ ಒಂದು ಓಲೆಯನ್ನು ಬರೆದು ಕಳುಹಿಸಿದನು. ಅಂತರ್ಯುದ್ಧದಲ್ಲಿ ಸೋತ ಪಕ್ಷವನ್ನು ಸೇರಿದ್ದವನು, ಬ್ರುಂಡಿಸಿಯಮ್ ರೇವುಪಟ್ಟಣದಲ್ಲಿ ಮುಂದೇನಾಗುವುದೆಂದು ತಿಳಿಯದೆ ಸುಮಾರು ಒಂದು ವರ್ಷಕಾಲ ಕಾದಿದ್ದವನು, ಕಟ್ಟಕಡೆಗೆ ಸೀಸರನ ಕ್ಷಮೆಯನ್ನು ಪಡೆದು ಮನೆಯ ಕಡೆಗೆ ಹೊರಟಾಗ ಬರೆದ ಓಲೆ ಅದು. ಆದರೂ ಅದರಲ್ಲಿ ರಾಜಕಾರಣದ ಮಾತಿಲ್ಲ, ಅಗಲಿದ್ದವರ ಹಂಬಲವೂ ಇಲ್ಲ. ಟಸ್ಕುಲಮ್ ಬೆಟ್ಟದ ಮೇಲಿನ ತನ್ನ ವಿಹಾರಗೃಹಕ್ಕೆ ಆ ತಿಂಗಳ ಏಳರಂದು ಇಲ್ಲವೇ ಅದರ ಮರುದಿನ ತಾನು ಬಂದು ಸೇರುವೆನೆಂದೂ, ಸಂಗಡ ಹಲವರಿರುವರೆಂದೂ, ಅಲ್ಲಿ ಬಹುಕಾಲ ನಿಲ್ಲಬೇಕಾಗಬಹುದೆಂದೂ, ಆದುದರಿಂದ ಎಲ್ಲವೂ ಅಣಿಯಾಗಿರಬೇಕೆಂದೂ ತಿಳಿಸಿ, ಸ್ನಾನಗೃಹದಲ್ಲಿ ನೀರಿನ ತೊಟ್ಟಿ ಇಲ್ಲದಿದ್ದ ಪಕ್ಷದಲ್ಲಿ ಒಂದನ್ನು ಇರಿಸತಕ್ಕದ್ದೆಂದು ಅವನು ಅಪ್ಪಣೆಮಾಡಿದ್ದಾನೆ. ಸ್ವಲ್ಪಕಾಲದಲ್ಲಿಯೇ ಆ ದಂಪತಿಗಳು ಬೇರೆಯಾದುದರಿಂದ ಈ ಓಲೆಯ ಬಿಗುವನ್ನು ವಿದ್ವಾಂಸರು ಬಹುವಾಗಿ ಪರಿಶೀಲಿಸಿದ್ದಾರೆ. ನನಗಾದರೋ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ತೊಟ್ಟಿಯ ಮಾತೇ. ತನ್ನ ಸ್ವಂತ ಮನೆಯ ಬಚ್ಚಲಿನಲ್ಲಿ ಏನಿದೆ ಏನಿಲ್ಲ ಎಂಬುದು ಯಜಮಾನನಿಗೆ ನಿಶ್ಚಯವಾಗಿ ನೆನಪಿಲ್ಲದಿರುವುದು, ವರ್ಷದಲ್ಲಿ ಕೆಲವು ದಿನಗಳು ಮಾತ್ರ ಬಂದಿರುವ ಮನೆಯ ಲಕ್ಷಣವಷ್ಟೆ. ಅಂತಹ ಮನೆಯಲ್ಲಿ ಬಿಸಿನೀರು ಒಲೆಯ ಮೇಲೆ ಸಿದ್ಧವಾಗುವುದಕ್ಕೆ ಮುಂಚೆ, ಬರುವವರ ವಾರ್ತೆ ಬಂದು ತಲಪಿರಬೇಕು.

ರೋಮಿನ ಸಿರಿವಂತರಿಗೆ ನಗರದಲ್ಲಿ ಮನೆ ಒಂದಾದರೆ ಹೊರನಾಡಿನಲ್ಲಿ ಹಲವು. ಸಿಸೆರೊನಿಗೆ ಟಸ್ಕುಲಮ್ಮಿನಲ್ಲಲ್ಲದೆ ಫಾರ್ಮಿಯೆ, ಕ್ಯೂಮೆ, ಪಾಂಪೆ, ಆಸ್ಟುರ ಮೊದಲಾದ ಎಡೆಗಳಲ್ಲಿಯೂ ಮನೆಗಳಿದ್ದವು. ಋತುವನ್ನೂ ನ್ಯಾಯಸಭೆಗಳ ವಿರಾಮವನ್ನೂ ಅನುಸರಿಸಿ ಅವನು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದನು. ಕ್ರಿ.ಪೂ. 54ರಲ್ಲಿ ತಮ್ಮನಾದ ಕ್ವಿಂಟಸನು ಸೀಸರನ ದಂಡಿನೊಡನೆ ದೂರದೇಶದಲ್ಲಿದ್ದಾಗ, ಅವನ ಹಳ್ಳಿಮನೆಗಳ ಕಟ್ಟಡದ ಕೆಲಸವನ್ನು ನೋಡಿಬರಲು ಹೋದ ಸಿಸೆರೊ ಅಲ್ಲಿನ ಸ್ನಾನಗೃಹದ ಬೆವರುಕೋಣೆಯನ್ನು ಬೇರೊಂದು ಮೂಲೆಗೆ ಸರಿಸುವಂತೆ ಮಾಡಿ, ಮೊದಲಿದ್ದ ಸ್ಥಳದಲ್ಲಿ ಅದರ ಉರಿಗೂಡು ಮಲಗುವ ಮನೆಗಳ ಅಡಿಗೆ ಬರುತ್ತಿದ್ದುದೇ ಇದಕ್ಕೆ ಕಾರಣವೆಂದು ಬರೆದು ತಿಳಿಸಿದನು. ಗಣರಾಜ್ಯವೇ ಕುಸಿಯುತ್ತಿದ್ದ ಕಾಲದಲ್ಲಿ ಅದರ ಮುಂದಾಳುಗಳಲ್ಲೊಬ್ಬನು ಬಚ್ಚಲೊಲೆಯ ಸ್ಥಾನವನ್ನು ಕುರಿತು ಇಷ್ಟು ಕಾಳಜಿ ವಹಿಸಿದುದು ಅಲ್ಪವಾದ ವಿಷಯವೆಂದು ನಾನು ಎಣಿಸಲಾರೆ. ಚರಿತ್ರೆಯಲ್ಲಿ ಮನೆ ಮನೆಯಾಗಿ ಕಾಣಸಿಗುವುದು ಇಂತಹ ಓಲೆಗಳಲ್ಲಿಯೇ.

ಈ ವೈಭವವು ಬಹು ಹಿಂದಿನದೇನೂ ಆಗಿರಲಿಲ್ಲ. ಹ್ಯಾನಿಬಲನನ್ನು ಜಯಿಸಿದ ಸ್ಕಿಪಿಯೊ ಆಫ್ರಿಕಾನಸನು ರೋಮಿನ ಮೇಲೆ ಬೇಸರಗೊಂಡು ತನ್ನ ಕೊನೆಯ ದಿನಗಳನ್ನು ಕಳೆದ ಲಿಟರ್ನಮ್ಮಿನ ಮನೆಯಲ್ಲಿ, ಎರಡೂವರೆ ಶತಮಾನಗಳ ತರುವಾಯ ತಂಗಿದ್ದ ತತ್ತ್ವಜ್ಞಾನಿ ಸೆನೆಕನು, ಅಲ್ಲಿನ ಸ್ನಾನಗೃಹವನ್ನು ಕಂಡು ಬೆರಗಾದನು. ಅದು ಇಕ್ಕಟ್ಟಾದುದು, ಹಳೆಯ ಪದ್ಧತಿಯಂತೆ ಕತ್ತಲೆಯಾದುದು. ಕಿಟಕಿಗಳಿರಬೇಕಾದ ಕಡೆ ಕಲ್ಲುಗೋಡೆಯಲ್ಲಿ ಸೀಳಿದಂತಹ ಕಂಡಿಗಳು ಮಾತ್ರ. ಮಳೆ ಬಂದರೆ ಸ್ನಾನದ ನೀರು ಬಗ್ಗಡವಾಗುತ್ತಿದ್ದಿತು. ಹೊಲದಲ್ಲಿ ತಾನೇ ದುಡಿದು ದಣಿದ ಮಹಾಸೇನಾನಿಯು ಮೈ ತೊಳೆದುಕೊಂಡ ಸ್ಥಳ ಅದು. ಆ ಕಾಲದವರು ದಿನದಿನವೂ ಕೈಕಾಲುಗಳನ್ನು ತೊಳೆದು, ಸಂತೆಯ ದಿನ ಬಂದಾಗ ಮಾತ್ರ ಮೈಯೆಲ್ಲ ಮೀಯುತ್ತಿದ್ದರೆಂದು ಸೆನೆಕನು ಹೇಳುತ್ತಾನೆ. ಇದನ್ನು ಬರೆದವನು ನೀರೋ ಚಕ್ರವರ್ತಿಯ ಗುರುವಾಗಿದ್ದವನು, ಅಮೃತಶಿಲೆಯ ತೊಟ್ಟಿಗಳಿಗೂ ಹಗಲೆಲ್ಲ ಬಿಸಿಲು ಬೀಳುವ ದೊಡ್ಡ ಕಿಟಕಿಗಳಿಗೂ ಒಗ್ಗಿಹೋದ ಸಮಾಜದವನು ಎಂಬುದನ್ನು ನೆನೆದರೆ, ಈ ಎರಡೂವರೆ ಶತಮಾನಗಳಲ್ಲಿ ಎಷ್ಟು ದೂರ ಸಾಗಿಬಂದಿದ್ದರೆಂಬುದು ತಿಳಿಯುವುದು.

ಆ ದಾರಿಯ ನಡುವಿನಲ್ಲಿ ಒಬ್ಬ ವ್ಯಾಪಾರಿಯೂ ನಿಂತಿದ್ದಾನೆ. ನೇಪಲ್ಸ್ ಕೊಲ್ಲಿಯ ತೀರದ ಬೈಯೆ ಎಂಬ ವಿಹಾರಸ್ಥಾನದಲ್ಲಿ, ಕ್ರಿ.ಪೂ. 91ಕ್ಕಿಂತ ಮುಂಚೆ, ಸೆರ್ಗಿಯಸ್ ಓರಾಟ ಎಂಬವನು ಮೊಟ್ಟಮೊದಲು ಸಿಂಪಿಗಳನ್ನು ಕೊಳಗಳಲ್ಲಿ ಸಾಕಿ ಹಣ ಮಾಡಿದನೆಂದೂ, ಅವನೇ ‘ತೂಗುಸ್ನಾನಗೃಹ’ಗಳನ್ನು ಕಲ್ಪಿಸಿ, ಹಳ್ಳಿಮನೆಗಳನ್ನು ಕೊಂಡು ಅವುಗಳಿಗೆ ಈ ಅನುಕೂಲವನ್ನು ಜೋಡಿಸಿ ಲಾಭಕ್ಕೆ ಮಾರುತ್ತಿದ್ದನೆಂದೂ ಹಿರಿಯ ಪ್ಲಿನಿ ತನ್ನ ವಿಶ್ವಕೋಶದಲ್ಲಿ ಬರೆದಿದ್ದಾನೆ. ತೂಗುಸ್ನಾನಗೃಹವೆಂದರೆ ಕಂಬಗಳ ಮೇಲೆ ನಿಲ್ಲಿಸಿ ಅಡಿಯಲ್ಲಿ ಉರಿ ಹಾಯಿಸುವ ನೆಲವೇ, ಅಥವಾ ಸಿಂಪಿಯ ತೊಟ್ಟಿಗಳಿಗೆ ಸಂಬಂಧಿಸಿದ ಬೇರೇನಾದರೂ ಯುಕ್ತಿಯೇ ಎಂಬ ವಿಷಯದಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಕಾಯಿಸಿದ ನೆಲಗಳು ಗ್ರೀಕರ ಊರುಗಳಲ್ಲಿ ಅದಕ್ಕೂ ಹಿಂದೆಯೇ ಇದ್ದವು. ಆದರೆ ಬಿಸಿನೀರಿನ ಸೌಕರ್ಯವು ವಿಹಾರಗೃಹದ ಬೆಲೆಯನ್ನು ಏರಿಸುತ್ತದೆಂಬುದು ರೋಮನರಿಗೆ ಆಗಲೇ ಮನವರಿಕೆಯಾಗಿದ್ದಿತೆನ್ನಲು ಈ ವೃತ್ತಾಂತವೇ ಸಾಕು. ಬೈಯೆಯಲ್ಲಂತೂ ಭೂಮಿಯೊಳಗಿನಿಂದ ಬಿಸಿ ಆವಿಯೇ ಏಳುತ್ತಿದ್ದುದರಿಂದ, ಅದನ್ನು ಕೊಳವೆಗಳಲ್ಲಿ ಹಿಡಿದು ಗೋಡೆಗಳ ಒಳಗೆ ಹಾಯಿಸಿ, ಸೌದೆಯಿಲ್ಲದೆ, ಬೆಂಕಿಯಿಲ್ಲದೆ, ಕಾಯುವ ಆಳಿಲ್ಲದೆ, ಯಜಮಾನನು ಎಂದು ಬಂದರೆ ಅಂದು ಸ್ನಾನವು ಸಿದ್ಧವಾಗಿರುವಂತೆ ಮಾಡಿಕೊಂಡಿದ್ದರು. ಆ ಭಾಗ್ಯ ಬೈಯೆಯಂತಹ ಕೆಲವು ಎಡೆಗಳದು ಮಾತ್ರ. ಉಳಿದೆಲ್ಲ ಕಡೆಗಳಲ್ಲಿಯೂ ಉರಿ ಹಾಕಲೇಬೇಕಾಗಿದ್ದಿತು.

ಉರಿಯ ಶಾಸ್ತ್ರವನ್ನು ತಿಳಿಯಬೇಕಾದರೆ ವಿಟ್ರೂವಿಯಸನ ವಾಸ್ತುಗ್ರಂಥದ ಐದನೆಯ ಸಂಪುಟವನ್ನು ನೋಡಬೇಕು. ಎಂಟಂಗುಲದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಕೂದಲು ಬೆರೆಸಿ ಹದಮಾಡಿದ ಜೇಡಿಮಣ್ಣಿನಿಂದ ಬೆಸೆದು, ಎರಡಡಿ ಎತ್ತರದ ಗಿಡ್ಡಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಎರಡಡಿ ಚೌಕದ ಹೆಂಚುಗಳನ್ನು ಹಾಸಿ, ಆ ಹಾಸಿನ ಮೇಲೆ ಸ್ನಾನಗೃಹದ ನೆಲವನ್ನು ಕಟ್ಟಬೇಕೆಂಬುದು ಅವನ ವಿಧಿ. ಕೆಳಗಿನ ನೆಲ ಒಲೆಯ ಬಾಯಿಯ ಕಡೆಗೆ ಇಳಿಜಾರಾಗಿರಬೇಕು. ಒಳಗೆ ಎಸೆದ ಚೆಂಡು ಎಲ್ಲಿಯೂ ನಿಲ್ಲದೆ ತಾನಾಗಿಯೇ ಉರುಳಿ ಬಾಯಿಗೆ ಹಿಂದಿರುಗಿದರೆ ಇಳಿಜಾರು ಸರಿಯಾಗಿದೆಯೆಂದು ತಿಳಿಯತಕ್ಕದ್ದು. ಹಾಗಿದ್ದರೆ ಜ್ವಾಲೆಯು ನೆಲದಡಿಯಲ್ಲೆಲ್ಲ ಸುಲಭವಾಗಿ ಹರಡುವುದು. ಒಲೆಯ ಮೇಲೆ ಮೂರು ಕಂಚಿನ ಪಾತ್ರೆಗಳು: ಬಿಸಿನೀರಿಗೆ ಒಂದು, ಉಗುರುಬೆಚ್ಚಗಿನ ನೀರಿಗೆ ಒಂದು, ತಣ್ಣೀರಿಗೆ ಒಂದು. ಬಿಸಿಪಾತ್ರೆಯಿಂದ ಎಷ್ಟು ನೀರು ಹೊರಹೋಗುವುದೋ ಅಷ್ಟೇ ನೀರು ನಡುಪಾತ್ರೆಯಿಂದ ಅದಕ್ಕೆ ಬಂದು ಸೇರುವುದು, ನಡುಪಾತ್ರೆಯ ಕೊರತೆಯನ್ನು ತಣ್ಣೀರಿನ ಪಾತ್ರೆಯು ತುಂಬುವುದು. ನಮ್ಮ ಹಳೆಯ ಮನೆಗಳಲ್ಲಿ ಮಿಂದೆದ್ದವನು, ಹಂಡೆಯಿಂದ ತಾನು ತೋಡಿದಷ್ಟು ನೀರಿಗೆ ಪ್ರತಿಯಾಗಿ ಮುಂದಿನವರಿಗೆಂದು ತಣ್ಣೀರನ್ನು ಸುರಿದು, ಒಲೆಗೆ ಎರಡು ಕೊರಡನ್ನು ತಳ್ಳಿ ಬರುತ್ತಿದ್ದುದುಂಟಷ್ಟೆ. ಆ ಮರ್ಯಾದೆಯನ್ನು ರೋಮಿನ ಶಿಲ್ಪಿ ಕೊಳವೆಗಳಿಗೆ ಒಪ್ಪಿಸಿದನು.

ಗ್ರಂಥದ ಮಾತು ಗ್ರಂಥದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿಯನ್ನು ಕಾಪಾಡಿಕೊಟ್ಟುದು ವೆಸೂವಿಯಸ್ ಪರ್ವತದ ಬೂದಿ. ಪಾಂಪೆಯ ಸಮೀಪದ ಬೋಸ್ಕೊರಿಯಾಲೆ ಎಂಬಲ್ಲಿ ಕ್ರಿ.ಶ. 79ರಲ್ಲಿ ಹೂತುಹೋಗಿದ್ದ ಪಿಸಾನೆಲ್ಲದ ತೋಟದ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಗೆದು ತೆಗೆದಾಗ, ದ್ರಾಕ್ಷಿ ಹಿಂಡುವ ಗಾಣದ ಬಳಿಯ ತೊಟ್ಟಿಯಲ್ಲಿ ದೊರೆತ ನೂರಕ್ಕೂ ಮೇಲ್ಪಟ್ಟ ಬೆಳ್ಳಿಯ ಪಾತ್ರೆಗಳು ಲೋಕವನ್ನೆಲ್ಲ ಬೆರಗುಗೊಳಿಸಿದವು. 1895ರಲ್ಲಿ ಸಿಕ್ಕಿದ ಆ ನಿಧಿಯನ್ನು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕಾಣಬಹುದು. ಆದರೆ ಅದೇ ಮನೆಯ ಅಡಿಗೆಮನೆಯ ಪಕ್ಕದಲ್ಲಿ, ಬೆಳ್ಳಿಗಿಂತ ಹೆಚ್ಚು ಮಾತನಾಡುವ ಇನ್ನೊಂದು ವಸ್ತುವಿದ್ದಿತು: ಒಲೆಗೂಡಿನ ಮೇಲೆ ನಿಲ್ಲಿಸಿದ ಸೀಸದ ಹಂಡೆ, ಅದಕ್ಕೆ ತಣ್ಣೀರು ತರುವ ಕೊಳವೆ, ಅದರಿಂದ ಸ್ನಾನದ ತೊಟ್ಟಿಗೆ ಬಿಸಿನೀರು ಒಯ್ಯುವ ಕೊಳವೆ, ನಡುನಡುವೆ ನೀರನ್ನು ತಡೆಯಲೂ ಬಿಡಲೂ ಬೆರೆಸಲೂ ತಿರುಪುಗಳು. ಪಲ್ಲಾಡಿಯಸ್ ಎಂಬ ಕೃಷಿಶಾಸ್ತ್ರಕಾರನು ಬಹುಕಾಲದ ಮೇಲೆ, ತೋಟದ ಮನೆಯ ಬಚ್ಚಲನ್ನು ಕಟ್ಟುವ ಕ್ರಮವನ್ನು ಹೇಳುತ್ತಾ, ಹಂಡೆಯು ಸೀಸದ್ದಾಗಿರಲಿ, ಅದರ ತಳಕ್ಕೆ ಕಂಚಿನ ತಟ್ಟೆಯಿರಲಿ, ಎಷ್ಟು ತಣ್ಣೀರು ಒಳಗೆ ಬರುವುದೋ ಅಷ್ಟೇ ಬಿಸಿನೀರು ಹೊರಗೆ ಹೋಗುವಂತೆ ಎರಡು ಕೊಳವೆಗಳೂ ಒಂದೇ ಗಾತ್ರದವಾಗಿರಲಿ ಎಂದು ವಿಧಿಸಿದ್ದಾನೆ. ಸೀಸವನ್ನು ಬೇಕಾದಂತೆ ಬಗ್ಗಿಸಬಹುದು, ಬೆಸೆಯಬಹುದು. ಆದರೆ ಅಲ್ಪ ಶಾಖಕ್ಕೇ ಅದು ಕರಗುವುದರಿಂದ ನೇರವಾಗಿ ಉರಿ ತಾಗುವ ತಳಕ್ಕೆ ಕಂಚೇ ಬೇಕು. ಒಳಗೆ ನೀರಿರುವವರೆಗೆ ಲೋಹವು ನೀರಿನ ಕುದಿಬಿಂದುವನ್ನು ಬಹಳವಾಗಿ ಮೀರಿ ಕಾಯುವುದಿಲ್ಲ; ನೀರು ಬತ್ತಿತೆಂದರೆ ಅಪಾಯವು ನಿಶ್ಚಿತ. ಬಹುದಿನಗಳು ಮುಚ್ಚಿದ್ದ ಮನೆಯಲ್ಲಿ ಹಂಡೆ ತುಂಬಿದೆಯೇ ಇಲ್ಲವೇ ಎಂದು ನೋಡದೆ ಒಲೆ ಹಚ್ಚುವಂತಿರಲಿಲ್ಲ.

ಹೀಗೆ ಒಟ್ಟಾಗಿ ಕಾಯಿಸಿ ಕೂಡಿಡುವ ವಿಧಾನಕ್ಕೆ ಪ್ರತಿಯಾಗಿ, ನೀರು ಹರಿಯುತ್ತಿರುವಾಗಲೇ ಅದನ್ನು ಕಾಯಿಸುವ ಇನ್ನೊಂದು ವಿಧಾನವೂ ಆ ಕಾಲಕ್ಕೇ ತಿಳಿದಿದ್ದಿತೆಂಬುದು ಬಹುಜನರ ಗಮನಕ್ಕೆ ಬಂದಿಲ್ಲ. ಭೂಮಿಯಲ್ಲಿ ಬಿಸಿನೀರಿನ ಬುಗ್ಗೆಗಳು ಹುಟ್ಟುವ ಕಾರಣವನ್ನು ವಿವರಿಸಹೊರಟ ಸೆನೆಕನು, ತನ್ನ ಓದುಗರಿಗೆ ಮನೆಯಲ್ಲಿಯೇ ಪರಿಚಿತವಾದ ಒಂದು ಉಪಕರಣವನ್ನು ದೃಷ್ಟಾಂತವಾಗಿ ತಂದುಕೊಳ್ಳುತ್ತಾನೆ: ತೆಳುವಾದ ತಾಮ್ರದ ಕೊಳವೆಯನ್ನು ಸುರುಳಿಸುರುಳಿಯಾಗಿ ಇಳಿಬಿಟ್ಟು, ಒಂದೇ ಬೆಂಕಿಯನ್ನು ನೀರು ಹಲವು ಸಲ ಬಳಸಿಬರುವಂತೆ ಮಾಡಿದರೆ, ತಣ್ಣಗೆ ಒಳಹೊಕ್ಕ ನೀರು ಬಿಸಿಯಾಗಿ ಹೊರಬೀಳುವುದು. ಇಂತಹ ಉಪಕರಣಗಳಲ್ಲಿ ಒಂದಕ್ಕೆ ರೋಮನರು ಮಹಾಸರ್ಪವೆಂದು ಹೆಸರಿಟ್ಟಿದ್ದರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬ ಬಣ್ಣಗಾರನು, ಹರಿಯುವ ನೀರನ್ನು ಅನಿಲದ ಉರಿಯಿಂದ ಆಗಿಂದಾಗಲೇ ಕಾಯಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದು ‘ಗೀಸರ್’ ಎಂಬ ಹೆಸರನ್ನು ರೂಢಿಗೆ ತಂದನು. ಬಂದೊಡನೆ ಬಿಸಿನೀರು ದೊರೆಯಬೇಕೆಂಬ ಅವನ ಉದ್ದೇಶವು ಮಹಾಸರ್ಪವನ್ನು ಮಾಡಿದ ಕಂಚುಗಾರರಿಗೂ ಇದ್ದಿರಬೇಕು. ಅವರಿಗೆ ಇಲ್ಲದೆಹೋದುದು ತಿರುಪನ್ನು ತಿರುಗಿಸಿದ ಮಾತ್ರಕ್ಕೆ ಹತ್ತುವ, ಆರುವ ಉರಿ.

ಇಷ್ಟೆಲ್ಲ ಉಪಾಯಗಳಿದ್ದರೂ ವಿಹಾರಗೃಹದ ಬಿಸಿನೀರನ್ನು ಕುರಿತ ಅತ್ಯಂತ ವಿವೇಕದ ಮಾತನ್ನು ಹೇಳಿದವನು ಕಿರಿಯ ಪ್ಲಿನಿ. ರೋಮಿನಿಂದ ಹದಿನೇಳು ಮೈಲಿಗಳ ದೂರದಲ್ಲಿ, ಸಮುದ್ರದ ಅಂಚಿಗೆ, ಲಾರೆಂಟಮ್ ಎಂಬ ಎಡೆಯಲ್ಲಿ ಅವನಿಗೆ ಒಂದು ಮನೆಯಿದ್ದಿತು. ನಗರದಲ್ಲಿ ದಿನದ ಕೆಲಸವನ್ನೆಲ್ಲ ಮುಗಿಸಿಕೊಂಡು ಹೊರಟರೂ ಅಲ್ಲಿಗೆ ಹೋಗಿ ತಂಗಬಹುದೆಂದು ಗೆಳೆಯನೊಬ್ಬನಿಗೆ ಬರೆದ ದೀರ್ಘಪತ್ರದಲ್ಲಿ ಅವನು ಹೆಮ್ಮೆಪಡುತ್ತಾನೆ. ಬೇಸಗೆಗೆ ಅವನಿಗೆ ಬೆಟ್ಟಗಳ ನಡುವೆ ಬೇರೊಂದು ಮನೆಯಿದ್ದುದರಿಂದ ಕಡಲತೀರದ ಈ ಮನೆಯು ಹೆಚ್ಚಾಗಿ ಚಳಿಗಾಲದ ಬಿಡಾರವಾಗಿದ್ದಿತು. ಆದಕಾರಣ ಇಲ್ಲಿ ಶಾಖದ ವ್ಯವಸ್ಥೆಯು ಹೆಜ್ಜೆಹೆಜ್ಜೆಗೂ ಎದುರಾಗುವುದು. ಒಂದು ಮಲಗುವ ಮನೆಯ ಪಕ್ಕದ ಓಣಿಯಲ್ಲಿ ನೆಲವನ್ನು ಎತ್ತರಿಸಿ ಕೊಳವೆಗಳಿಂದ ಬಿಸಿಯನ್ನು ಅತ್ತಿತ್ತ ಹಂಚಲಾಗಿದೆ. ಅವನ ಪ್ರೀತಿಯ ಏಕಾಂತದ ಕೋಣೆಗೆ ಅಂಟಿಕೊಂಡಂತೆ ಪುಟ್ಟದೊಂದು ಉರಿಮನೆಯಿದ್ದು, ಅದರ ಕಿರಿದಾದ ಕಿಂಡಿಯನ್ನು ತೆರೆದು ಶಾಖವನ್ನು ಬಿಡಬಹುದು, ಮುಚ್ಚಿ ತಡೆಹಿಡಿಯಬಹುದು. ಸ್ನಾನಗೃಹವೆಂದರೆ ಒಂದು ಕೋಣೆಯಲ್ಲ. ಎದುರುಬದುರಾಗಿ ಬಾಗಿದ ಎರಡು ಕೊಳಗಳ ತಣ್ಣೀರುಮನೆ, ಎಣ್ಣೆ ಹಚ್ಚುವ ಮನೆ, ಉರಿಮನೆ, ವಿಶ್ರಾಂತಿಯ ಚಿಕ್ಕ ಕೋಣೆಗಳು, ಇವೆಲ್ಲಕ್ಕೂ ಮಿಗಿಲಾಗಿ, ಈಜುತ್ತಿರುವಾಗಲೇ ಸಮುದ್ರವನ್ನು ನೋಡಬಹುದಾದ ಬಿಸಿನೀರಿನ ಕೊಳ. ಹರಿಯುವ ನೀರಿಲ್ಲದಿರುವುದೊಂದೇ ಅಲ್ಲಿನ ಕೊರತೆ. ಆದರೆ ತೀರದಲ್ಲಿ ಎಲ್ಲಿ ಅಗೆದರೂ ಸ್ವಲ್ಪ ಆಳದಲ್ಲಿಯೇ, ಸಮುದ್ರದ ಉಪ್ಪು ಸೋಂಕದ ಸಿಹಿನೀರು ಸಿಕ್ಕುತ್ತಿದ್ದಿತು. ಹತ್ತಿರದ ಕಾಡುಗಳಿಂದ ಸೌದೆ ಬೇಕಾದಷ್ಟು ಬರುತ್ತಿದ್ದಿತು.

ಇಷ್ಟನ್ನು ವರ್ಣಿಸಿದ ಮೇಲೆ ಅವನು ನೆರೆಯ ಹಳ್ಳಿಯ ಮಾತನ್ನೆತ್ತುತ್ತಾನೆ. ನಡುವೆ ಒಂದೇ ಒಂದು ಮನೆಯನ್ನು ದಾಟಿದರೆ ಸಿಕ್ಕುವ ಆ ಹಳ್ಳಿಯಲ್ಲಿ, ಹಣ ತೆತ್ತು ಮೀಯಬಹುದಾದ ಮೂರು ಸ್ನಾನಗೃಹಗಳಿದ್ದವು. ತಾನು ಅನಿರೀಕ್ಷಿತವಾಗಿ ಬಂದಾಗಲೂ, ಬಂದು ನಿಲ್ಲುವುದು ಅಲ್ಪಕಾಲವಾದಾಗಲೂ, ಮನೆಯ ಸ್ನಾನಗೃಹಕ್ಕೆ ಉರಿ ಹಾಕಿಸುವುದು ಸರಿಯಲ್ಲವೆನಿಸಿದರೆ ಆ ಮೂರು ದೊಡ್ಡ ಅನುಕೂಲವೆಂದು ಅವನು ಹೇಳುತ್ತಾನೆ. ಮನೆಯನ್ನು ಹೊಗಳುವ ಪತ್ರದಲ್ಲಿ ಬರುವ ಈ ಮಾತಿನ ಹಿಂದೆ ಗಟ್ಟಿಯಾದ ಅನುಭವವಿದೆ. ವಾರಗಟ್ಟಲೆ ತಣ್ಣಗಿದ್ದ ಇಟ್ಟಿಗೆಯ ಕಂಬಗಳು, ಹೆಂಚಿನ ಹಾಸು, ಅದರ ಮೇಲಿನ ದಪ್ಪ ಗಾರೆ, ಟೊಳ್ಳುಗೋಡೆಗಳು, ಕೊನೆಗೆ ಕೊಳದ ತುಂಬ ನೀರು—ಮೊದಲ ಹೊತ್ತಿನ ಬೆಂಕಿಯನ್ನೆಲ್ಲ ಇವೇ ಹೀರಿಕೊಳ್ಳುವವು. ಬಿಡದೆ ಉರಿ ಕೊಟ್ಟು ಒಮ್ಮೆ ಕಾಯಿಸಿದರೆ ಆ ಭಾರವೇ ಶಾಖವನ್ನು ಬಹುಹೊತ್ತು ಹಿಡಿದಿಟ್ಟುಕೊಂಡು ಉಪಕಾರಮಾಡುವುದು, ಆದರೆ ಆ ಉಪಕಾರವು ನಿಲ್ಲುವವನಿಗೆ, ಹೊರಡುವವನಿಗಲ್ಲ. ಸಂಜೆಗೆ ಬಂದು ನಾಳೆ ಮಧ್ಯಾಹ್ನಕ್ಕೆ ಹೊರಡುವವನು ಗಾಡಿಗಟ್ಟಲೆ ಸೌದೆಯನ್ನು ಉರಿಸಿ, ತಾನು ಹಿಂದಿರುಗುವ ಹೊತ್ತಿಗೆ ಹದವಾಗುವ ನೆಲವನ್ನು ಖಾಲಿ ಮನೆಗೆ ಬಿಟ್ಟುಹೋಗಬೇಕಾಗುತ್ತಿದ್ದಿತು. ಅಷ್ಟು ಸಿರಿಯುಳ್ಳವನು, ಸೌದೆಯ ಅಭಾವವಿಲ್ಲದವನು, ಕೈಗೊಬ್ಬ ಆಳಿದ್ದವನು, ಆ ಹಳ್ಳಿಯವರೊಡನೆ ಕಾಸು ಕೊಟ್ಟು ಸಾರ್ವಜನಿಕ ತೊಟ್ಟಿಯಲ್ಲಿ ಮೀಯುವುದೇ ಯುಕ್ತವೆಂದು ತೀರ್ಮಾನಿಸಿದುದು ನನಗೆ ಬಹಳ ಮೆಚ್ಚಾಗಿದೆ. ಇಂದು ಕಾಸ್ಟೆಲ್‌ಪೋರ್ಟ್ಸಿಯಾನೊ ಎಂದು ಕರೆಯುವ ಆ ಕಡಲತೀರದ ಕಾಡಿನಲ್ಲಿ ಅಂದಿನ ಒಂದು ಹಳ್ಳಿಯ ಅವಶೇಷಗಳು ಬೆಳಕಿಗೆ ಬಂದಿದ್ದು, ಅವುಗಳಲ್ಲಿ ಸ್ನಾನಗೃಹಗಳೂ ಇವೆ.

ಯಜಮಾನನು ಬಾರದ ದಿನಗಳಲ್ಲಿ ಈ ಒಲೆಗಳನ್ನು ನೋಡಿಕೊಂಡವರ ಹೆಸರು ಈ ಬರಹಗಳಲ್ಲಿ ಎಲ್ಲಿಯೂ ಇಲ್ಲ. ಮನೆಯಲ್ಲಿ ಸದಾ ಇದ್ದವರು ಪಾರುಪತ್ಯಗಾರನೂ ಅವನ ಕೈಕೆಳಗಿನ ದಾಸರೂ. ಇವರಲ್ಲಿ ಪಾರುಪತ್ಯಗಾರನು ಕೂಡ ಬಹುಮಟ್ಟಿಗೆ ದಾಸನೇ. ಕೊಲುಮೆಲ್ಲನೆಂಬ ಕೃಷಿಶಾಸ್ತ್ರಕಾರನು ಯಜಮಾನನಿಗೆ ಬೋಧಿಸುವ ಒಂದು ಉಪಾಯವೇನೆಂದರೆ, ತಾನು ವಾಸ್ತವವಾಗಿ ಬರುವುದಕ್ಕಿಂತ ಹೆಚ್ಚು ಸಲ ಬರುವೆನೆಂದು ಹೇಳಿಕಳುಹಿಸುತ್ತಿರಬೇಕು, ಆ ಭಯದಿಂದ ಪಾರುಪತ್ಯಗಾರನೂ ಆಳುಗಳೂ ತಮ್ಮ ಕೆಲಸದಲ್ಲಿ ಎಚ್ಚರವಾಗಿರುವರು ಎಂಬುದು. ಯಜಮಾನನ ದೃಷ್ಟಿಯಿಂದ ಇದು ಜಾಣತನವಿರಬಹುದು; ಆದರೆ ಬಾರದ ಒಡೆಯನಿಗಾಗಿ ಸೌದೆ ಸೀಳಿ, ಬಾವಿಯಿಂದ ನೀರು ಸೇದಿ ಹಂಡೆ ತುಂಬಿ, ಹೊಗೆಯಲ್ಲಿ ಕುಳಿತು ಉರಿ ಮಾಡಿದವನನ್ನು ಒಂದು ಕ್ಷಣ ಭಾವಿಸಿಕೊಳ್ಳಬೇಕು. ಅದೇ ಗ್ರಂಥದ ಅದೇ ಭಾಗದಲ್ಲಿ ಕೊಲುಮೆಲ್ಲನು, ತೋಟದ ಮನೆಯಲ್ಲಿ ದಾಸರಿಗೂ ಸ್ನಾನಗೃಹವಿರಲೆಂದು ಹೇಳಿ, ಆದರೆ ಅವರು ಹಬ್ಬದ ದಿನಗಳಲ್ಲಿ ಮಾತ್ರ ಮೀಯತಕ್ಕದ್ದು, ಪದೇ ಪದೇ ಮೀಯುವುದು ಮೈಬಲಕ್ಕೆ ಹಿತವಲ್ಲ ಎಂದು ಸೇರಿಸುತ್ತಾನೆ. ಒಡೆಯರ ಮೈಬಲದ ವಿಷಯದಲ್ಲಿ ಈ ಚಿಂತೆಯನ್ನು ಅವನು ಅಲ್ಲಿ ತೋರುವುದಿಲ್ಲ. ರೋಮಿನ ಶಿಲ್ಪಿಗಳ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಲ್ಲುವುದು. ಆದರೆ ಆ ಹಂಡೆಗಳು ಕಾದುದು ಈ ಜನರ ರಟ್ಟೆಯಿಂದ ಎಂಬುದನ್ನು ಬಿಟ್ಟು ಹೊಗಳಿದರೆ ಅದು ಅರ್ಧಸತ್ಯವಾಗುವುದು.

ಚಕ್ರಾಧಿಪತ್ಯವು ಶಿಥಿಲವಾದ ಐದನೆಯ ಶತಮಾನದಲ್ಲಿಯೂ ಗಾಲ್ ದೇಶದ ಸಿರಿವಂತರು ಈ ಜೀವನಕ್ರಮವನ್ನು ಬಿಟ್ಟಿರಲಿಲ್ಲ. ಕವಿಯೂ ಮುಂದೆ ಬಿಷಪ್ಪನೂ ಆದ ಸಿಡೋನಿಯಸ್ ಅಪಾಲಿನಾರಿಸನ ಅವಿಟಾಕಮ್ಮಿನ ಮನೆಯ ಸ್ನಾನಗೃಹವು ಕಾಡುಬೆಟ್ಟದ ಬುಡದಲ್ಲಿದ್ದಿತು. ಮೇಲೆ ಕಡಿದ ಸೌದೆಯು ಉರುಳಿ ತಾನಾಗಿಯೇ ಒಲೆಯ ಬಾಯಿಗೆ ಬಂದು ಬೀಳುವಂತಿದ್ದಿತೆಂದು ಅವನು ಸಂತೋಷದಿಂದ ಬರೆಯುತ್ತಾನೆ. ಒಮ್ಮೆ ಅವನು ಇಬ್ಬರು ಬಂಧುಮಿತ್ರರ ಹಳ್ಳಿಮನೆಗಳಿಗೆ ಅತಿಥಿಯಾಗಿ ಹೋದಾಗ, ಅವರಿಬ್ಬರ ಸ್ನಾನಗೃಹಗಳೂ ಇನ್ನೂ ಕಟ್ಟಡದ ಕೆಲಸದಲ್ಲಿದ್ದವು; ಒಂದರಲ್ಲಿಯೂ ಮೀಯುವಂತಿರಲಿಲ್ಲ. ಆಗ ಮಾಡಿದುದೇನೆಂದರೆ, ಸೇವಕರು ತೊರೆಯ ಬಳಿ ಅವಸರದಿಂದ ಒಂದು ಗುಂಡಿಯನ್ನು ತೋಡಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಅದರೊಳಕ್ಕೆ ರಾಶಿ ಸುರಿದು, ಮೇಲೆ ಬಳುಕುವ ಕಡ್ಡಿಗಳನ್ನು ಕಮಾನಾಗಿ ಬಗ್ಗಿಸಿ, ಮೇಕೆಯ ಕೂದಲಿನ ಕಂಬಳಿಗಳನ್ನು ಹೊದಿಸಿ ಬೆಳಕಿನ ಸಂದುಗಳನ್ನೆಲ್ಲ ಮುಚ್ಚಿದರು. ಕೆಂಡದಂತಹ ಕಲ್ಲುಗಳ ಮೇಲೆ ನೀರು ಚಿಮುಕಿಸಿದಾಗ ಎದ್ದ ಆವಿಯಲ್ಲಿ ಅತಿಥಿಗಳೂ ಆತಿಥೇಯರೂ ಹರಟುತ್ತಾ ಬೆವರಿ, ಹೊರಗೆ ಬಂದು ಬಿಸಿನೀರಿನಲ್ಲಿ ಮಿಂದು, ಆಮೇಲೆ ತಣ್ಣೀರಿಗೆ ಇಳಿದರು. ಸಿಡೋನಿಯಸನು ಅಲ್ಲಿ ಏಳು ದಿನ ನಿಂತನು, ಊಟದ ಸವಿಯನ್ನೂ ಗ್ರಂಥಭಂಡಾರದ ಸಿರಿಯನ್ನೂ ಮನಸಾರೆ ಹೊಗಳಿದನು. ಆ ಗುಂಡಿಯ ಸ್ನಾನವನ್ನು ಕುರಿತು ಅವನ ಪತ್ರದಲ್ಲಿ ಒಂದು ಆಕ್ಷೇಪಣೆಯೂ ಇಲ್ಲ.